ಇನ್ನೊಂದು ಐವತ್ತು ಜಂಪ್ ಹೊಡೆಸಿದರೆ ಜಂಪ್ ಬರಲ್ಲ

ವಾಲಿಬಾಲ್ ಪ್ರಾಕ್ಟೀಸ್ ಮುಗಿದು ಹುಡುಗರು ಏದುಸಿರು ಬಿಡುತ್ತಿರುವಾಗ "ಹೂಂ, ಇನ್ನೊಂದು ಐವತ್ತು ಜಂಪ್" ಅನ್ನುವ ಕೋಚ್‌ಗಳನ್ನು ಕಂಡರೆ ನನಗೆ ಮಂಡಿ ನೋಯುತ್ತದೆ. ತಮಾಷೆಗೆ ಹೇಳ್ತಿಲ್ಲ. ಹದಿನಾರರ ವಯಸ್ಸಿನಲ್ಲಿ ಸ್ಮ್ಯಾಶ್ ಹುಚ್ಚು ಹತ್ತಿ ಸಿಮೆಂಟ್ ನೆಲದ ಮೇಲೆ ದಿನಾ ಲೆಕ್ಕವಿಲ್ಲದಷ್ಟು ಹಾರಿದವನು ನಾನು. ಆಮೇಲೆ ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಜೀವ ಹೋಗುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಿತ್ತು. ಅದಕ್ಕೆ 'ಜಂಪರ್ಸ್ ನೀ', ಅಂದರೆ ಹಾರುವವರ ಮಂಡಿ, ಅಂತ ಹೆಸರೇ ಇದೆ ಅಂತ ಗೊತ್ತಾಗಿದ್ದು ಆಟ ಬಿಟ್ಟ ಮೇಲೆ.

ಈಗ ಎಲ್ಲರ ಬಾಯಲ್ಲೂ ಪ್ಲೈಯೊಮೆಟ್ರಿಕ್ಸ್, ಅಂದರೆ ಇಳಿದ ಕೂಡಲೇ ಚಿಮ್ಮಿ ಹಾರುವ ವ್ಯಾಯಾಮ. ಹೊಸದೇನಲ್ಲ ಬಿಡಿ. 1960ರ ದಶಕದಲ್ಲೇ ಸೋವಿಯತ್ ಒಕ್ಕೂಟದ ಕೋಚ್ ಯೂರಿ ವೆರ್ಖೋಶಾನ್‌ಸ್ಕಿ ಡೆಪ್ತ್ ಜಂಪ್ ಮಾಡಿಸುತ್ತಿದ್ದರು. ಬಾಕ್ಸ್ ಮೇಲಿಂದ ಕೆಳಗಿಳಿಯಬೇಕು, ಪಾದ ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮಬೇಕು. ಇಡೀ ಗುಟ್ಟು ಆ 'ಕೂಡಲೇ'ಯಲ್ಲೇ ಇರೋದು. ಇಳಿದಾಗ ಸ್ನಾಯು, ಅದನ್ನು ಮೂಳೆಗೆ ಕಟ್ಟುವ ಟೆಂಡನ್ ಎರಡೂ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತವೆ. ಆ ಬಿಗಿ ಸಡಿಲವಾಗುವ ಮೊದಲೇ, ಅಂದರೆ ಸುಮಾರು ಕಾಲು ಸೆಕೆಂಡಿನೊಳಗೆ, ನೆಲ ಬಿಟ್ಟಿರಬೇಕು. ಸುಸ್ತಾದ ಕಾಲಿಗೆ ಇದು ಆಗಲ್ಲ. ಅದು ನೆಲದಲ್ಲೇ ಒಂದು ಕ್ಷಣ ಕೂತು, ಆಮೇಲೆ ಎದ್ದು ಹಾರುತ್ತದೆ. ಹಾಗಾಗಿ ಆ ಕೊನೆಯ ಐವತ್ತು ಜಂಪ್ ಪ್ಲೈಯೊಮೆಟ್ರಿಕ್ಸೇ ಅಲ್ಲ, ಸುಮ್ನೆ ಬೆವರು. ಇದನ್ನು ಮಾಡಿಸುವುದಾದರೆ ಮೈ ಬಿಸಿಯಾದ ತಕ್ಷಣ, ಕಾಲು ಹೊಸದಾಗಿರುವಾಗಲೇ ಮಾಡಿಸಿ. ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ 48 ಗಂಟೆ ಬಿಡಿ. ನೆಟ್ ಹತ್ತಿರ ಬ್ಲಾಕ್, ಸ್ಮ್ಯಾಶ್ ಅಂತ ಹಾರಿದ್ದೂ ಲೆಕ್ಕಕ್ಕೆ ಬರುತ್ತೆ, ಮಂಡಿ ಅದನ್ನು ಬೇರೆ ಖಾತೆಗೆ ಬರೆದುಕೊಳ್ಳಲ್ಲ.

ಇನ್ನು ಇಳಿಯುವುದು. ಹಾರುವುದನ್ನು ಎಲ್ಲರೂ ನೋಡುತ್ತಾರೆ, ಇಳಿಯುವುದನ್ನು ಯಾರೂ ನೋಡಲ್ಲ, ಅಲ್ವಾ? ನಾನು ಕಲಿಸುವ ಒಬ್ಬ ಹುಡುಗಿ ಚೆನ್ನಾಗಿ ಹಾರುತ್ತಿದ್ದಳು, ಆದರೆ ಇಳಿದಾಗಲೆಲ್ಲ ಎರಡು ಮಂಡಿ ಒಳಗೆ ವಾಲಿ ಒಂದಕ್ಕೊಂದು ತಾಗುವ ಹಾಗಾಗುತ್ತಿದ್ದವು, ಜೊತೆಗೆ ಧಡ್ ಅಂತ ಸದ್ದು. ಹಾಗೆ ಇಳಿದರೆ ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟಿಗೇ ಅಪಾಯ. ಮೂರು ವಾರ ಬರೀ ಇಳಿಯುವುದನ್ನೇ ಕಲಿಸಿದೆ. 30 ಸೆಂಟಿಮೀಟರ್ ಬಾಕ್ಸ್, ಮೇಲಕ್ಕೆ ಚಿಮ್ಮೋ ಹಾಗೇ ಇಲ್ಲ, ಸದ್ದಿಲ್ಲದೆ ಇಳಿದು ಹಾಗೇ ನಿಲ್ಲಬೇಕು. ಅವಳಿಗೆ ಬೋರಾಗಿ ಮುಖ ಊದಿಸಿಕೊಂಡಿದ್ದಳು. ಆಗಲಿ.

ಸರಸರ ಎತ್ತರ ಬೆಳೆಯುತ್ತಿರುವ ಮಕ್ಕಳಲ್ಲಿ ಇನ್ನೂ ಹುಷಾರಾಗಿರಬೇಕು. ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಗಂಟಿನಂತೆ ಊದಿ ನೋಯುತ್ತಿದ್ದರೆ "ಸೋಮಾರಿ" ಅಂತ ಬೈಯಬೇಡಿ. ಜಂಪ್ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ. ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24, ಅದು ಎಲ್ಲಿಗೂ ಓಡಿಹೋಗಲ್ಲ.

ಈಗ ನನ್ನ ಲೆಕ್ಕ ಕಿವಿಯಲ್ಲಿದೆ. ಜಂಪ್ ಮಾಡಿಸುವಾಗ ಯಾರಾದರೂ ಧಡ್ ಅಂತ ಇಳಿದರೆ ಒಂದೆರಡು ನಿಮಿಷ ಕೂರಿಸುತ್ತೇನೆ. ಮತ್ತೆ ಧಡ್ ಅಂದರೆ ಅವನಿಗೆ ಆ ದಿನದ ಜಂಪ್ ಮುಗಿಯಿತು, ಪಟ್ಟಿಯಲ್ಲಿ ಇನ್ನೂ ಇಪ್ಪತ್ತು ಬಾಕಿ ಇದ್ದರೂ.