ಊದುಗೊಳವೆ

ಮೊನ್ನೆ ಎದುರುಮನೆ ರಾಯರು ನಮ್ಮ ಶೋಕೇಸಿನಿಂದ ಆ ನೀಲಿ ಲೋಟವನ್ನು ಕೇಳದೆ ತೆಗೆದು, ಬೋರಲು ಹಾಕಿ, ಕನ್ನಡಕ ಹಣೆಗೇರಿಸಿ ತಳ ನೋಡಿದರು. 'ರೇಟಿನ ಸ್ಟಿಕ್ಕರ್ ಕಿತ್ತಿದ್ದೀರಿ, ಆ ಜಾಗ ತರಿತರಿಯಾಗಿದೆ' ಎಂದರು. ಆಮೇಲೆ ಬೆಳಕಿಗೆ ಹಿಡಿದು, 'ಒಳಗೆ ಗುಳ್ಳೆ ಬೇರೆ! ಸೆಕೆಂಡ್ಸ್ ಮಾಲು ತಗುಲಿಹಾಕಿದ್ದಾರೆ ನಿಮಗೆ' ಎಂದು ತೀರ್ಪು ಕೊಟ್ಟು, ನಮ್ಮದೇ ಕಾಫಿ ಕುಡಿದು ಹೋದರು.

ಸ್ಟಿಕ್ಕರಲ್ಲ ಸ್ವಾಮಿ, ಅದು ಹೊಕ್ಕುಳು ಎನ್ನಬೇಕಿತ್ತು. ಊದಿದ ಗಾಜನ್ನು ಕೊಳವೆಯಿಂದ ಬಿಡಿಸಿ ಬಾಯಿ ತಿದ್ದುವಾಗ ತಳಕ್ಕೊಂದು ಕಬ್ಬಿಣದ ಕಡ್ಡಿ ಅಂಟಿಸಿ ಹಿಡಿದಿರುತ್ತಾರೆ. ಕೊನೆಗೆ ಟಕ್ ಎಂದು ಅದನ್ನು ಬಿಡಿಸಿದಾಗ ಉಳಿಯುವ ಗಾಯ. ಹೇಳಲಿಲ್ಲ. ಹೇಳಿದ್ದರೆ 'ಎಷ್ಟು ಕೊಟ್ಟಿರಿ' ಎಂದು ಕೇಳುತ್ತಿದ್ದರು.

ಕೊಟ್ಟವಳು ಮಗಳು, ಡಾಲರಿನಲ್ಲಿ. ಅವಳಿರುವ ಸಿಯಾಟಲ್‌ಗೆ ಗಾಜು ಊದುವ ಗೀಳು ಹತ್ತಿ ಅರ್ಧ ಶತಮಾನವಾಯಿತು. ಕಾರ್ಖಾನೆಗಳ ಸೊತ್ತಾಗಿದ್ದ ಈ ಕೆಲಸವನ್ನು ಕಲಾವಿದನೊಬ್ಬ ತನ್ನದೇ ಚಿಕ್ಕ ಕುಲುಮೆಯಲ್ಲಿ ಮಾಡಬಹುದೆಂದು 1962ರಲ್ಲಿ ಅಮೆರಿಕದ ಟೊಲೀಡೊ ಊರಿನ ಕಲಾ ಮ್ಯೂಸಿಯಮ್ಮಿನ ಆವರಣದಲ್ಲಿ ತೋರಿಸಿಕೊಟ್ಟವನು ಹಾರ್ವೆ ಲಿಟಲ್ಟನ್ ಎಂಬ ಮೇಷ್ಟ್ರು. ಅವನ ಶಿಷ್ಯ ಡೇಲ್ ಚಿಹೂಲಿ 1971ರಲ್ಲಿ ಸಿಯಾಟಲ್‌ನ ಉತ್ತರಕ್ಕಿರುವ ಕಾಡಿನಲ್ಲಿ, ಸುರಿವ ಮಳೆಯಲ್ಲಿ, ಗಾಜಿನ ಕಲೆ ಕಲಿಸುವ ಪಿಲ್ಚಕ್ ಶಾಲೆ ಹೂಡಿದ. ಅದರ ಫಲವಾಗಿ ನಾನು ಒಂದು ಶನಿವಾರ ಬೆಳಿಗ್ಗೆ ಸಣ್ಣದೊಂದು ಸ್ಟುಡಿಯೋದಲ್ಲಿ, 'ಸುಟ್ಟುಕೊಂಡರೆ ನಾನೇ ಹೊಣೆ' ಎಂಬರ್ಥದ ಕಾಗದಕ್ಕೆ ಸಹಿ ಹಾಕುತ್ತ ನಿಂತಿದ್ದೆ.

ಹುಡುಗಿಯೊಬ್ಬಳು ಕುಲುಮೆಯಿಂದ ಗಾಜು ಸುತ್ತಿ ತಂದಳು. ಆಲೆಮನೆಯಲ್ಲಿ ನಾವು ಕಬ್ಬಿನ ತುಂಡಿಗೆ ಜೋನಿಬೆಲ್ಲ ಸುತ್ತಿಕೊಳ್ಳುತ್ತಿದ್ದೆವಲ್ಲ, ಥೇಟ್ ಹಾಗೆಯೇ. ತಿರುಗಿಸುವುದು ನಿಲ್ಲಿಸಿದರೆ ನೆಲಕ್ಕೆ. ಒದ್ದೆ ಮಾಡಿದ ನ್ಯೂಸ್‌ಪೇಪರಿನ ಮಡಿಕೆಯನ್ನು ಅಂಗೈಲಿಟ್ಟು ಆ ಕೆಂಡವನ್ನು ಸವರಿದಳು. ಆಮೇಲೆ ಕೊಳವೆಯ ತುದಿ ನನ್ನ ಕಡೆಗೆ ತಿರುಗಿಸಿ, ಊದಿ ಎಂದಳು. 'ಮೆತ್ತಗೆ, ಅಪ್ಪಾ' ಎಂದಳು ಮಗಳು.

ಮೆತ್ತಗೆ! ನನಗೆ ಊದುವುದನ್ನು ಹೇಳಿಕೊಡುತ್ತಾರೆ. ನಮ್ಮ ಅಜ್ಜಿಯ ಊದುಗೊಳವೆ ಒಂದೂವರೆ ಅಡಿ ಉದ್ದದ ಕಬ್ಬಿಣದ್ದು. ಬಾಯಿಡುವ ತುದಿ ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು, ಇನ್ನೊಂದು ತುದಿ ಮಸಿ. ಆಷಾಢದಲ್ಲಿ ಮಲೆನಾಡಿನ ಕಟ್ಟಿಗೆ ಕಟ್ಟಿಗೆಯಲ್ಲ, ನೀರಿನ ಇನ್ನೊಂದು ರೂಪ. ಅದರಿಂದ ಬೆಂಕಿ ಎಬ್ಬಿಸಲು ಅಜ್ಜಿ ಬೆಳಗಿನ ಐದಕ್ಕೆ ಕೂತರೆ ಕಣ್ಣು ಕೆಂಪು, ಮೂಗು ಕೆಂಪು, ಒಲೆ ಮಾತ್ರ ಕಪ್ಪು. ನಾನು ಎದುರು ಸಿಕ್ಕಿದರೆ 'ಮಾಣಿ, ಊದು' ಎನ್ನುವಳು. ಜೋರಾಗಿ ಊದಿದರೆ ಬೂದಿಯೆಲ್ಲ ಹಾಲಿನ ಪಾತ್ರೆಗೆ. ಅದೇ ಕೊಳವೆಯಿಂದ ಬೆನ್ನಿಗೊಂದು ಬೀಳುತ್ತಿತ್ತು. ಬೆಕ್ಕಿಗೂ ಅದೇ, ಇಣುಕುವ ದನಕ್ಕೂ ಅದೇ. ಅಜ್ಜ ಜಗಲಿಯಲ್ಲಿ ಕವಳ ಹಾಕುತ್ತ 'ಹೊಗೆ ಬರ್ತಾ ಉಂಟು, ಸರಿಯಾಗಿ ಊದೇ' ಎಂದು ನಿರ್ದೇಶನ ಕೊಡುತ್ತಿದ್ದ. ಒಂದು ದಿನ ಅಜ್ಜಿ ಏನೂ ಮಾತಾಡದೆ ಊದುಗೊಳವೆ ತಂದು ಅವನ ತೊಡೆಯ ಮೇಲಿಟ್ಟು ಕೊಟ್ಟಿಗೆಗೆ ಹೋದಳು. ಆ ದಿನ ಮನೆಯಲ್ಲಿ ಕಾಫಿಯಾದದ್ದು ಹತ್ತೂವರೆಗೆ. ಅಜ್ಜನ ಹುಬ್ಬು ಸುಟ್ಟಿತ್ತು.

ಚಿಹೂಲಿಯೂ ಈಗ ಊದುವುದಿಲ್ಲವಂತೆ. 1976ರ ಕಾರು ಅಪಘಾತದಲ್ಲಿ ಒಂದು ಕಣ್ಣು ಹೋಯಿತು, ಆಮೇಲೆ ಭುಜ ತಪ್ಪಿತು. ಅವನು ಹೇಳುತ್ತಾನೆ, ಉಳಿದವರು ಊದುತ್ತಾರೆ. ಅವನಿಗೆ ಕಾರಣವಿತ್ತು ಬಿಡಿ. ಅಜ್ಜನಿಗೆ ಎರಡು ಕಣ್ಣು, ಎರಡು ಭುಜ ಎಲ್ಲ ನೆಟ್ಟಗಿದ್ದವು.

ನಾನು ಊದಿದೆ. ಏನೂ ಆಗಲಿಲ್ಲ. ಮತ್ತೆ ಊದಿದೆ, ಕಿವಿ ಗುಂಯ್ ಎಂದಿತು. ಮೂರನೆಯದಕ್ಕೆ ತುದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಹುಡುಗಿ ಚಪ್ಪಾಳೆ ತಟ್ಟಿದಳು, ಮಗಳು ವಿಡಿಯೋ ಮಾಡಿದಳು. ಅಜ್ಜಿಗೆ ಯಾರೂ ಚಪ್ಪಾಳೆ ತಟ್ಟಿದ್ದು ನನಗೆ ನೆನಪಿಲ್ಲ. ಉಳಿದದ್ದೆಲ್ಲ ಆ ಹುಡುಗಿಯೇ ಮಾಡಿದಳು. ಲೆಕ್ಕ ಹಾಕಿದರೆ ಲೋಟದಲ್ಲಿ ನನ್ನದು ಎನ್ನಬಹುದಾದದ್ದು ಒಳಗಿನ ಖಾಲಿ ಜಾಗ ಮಾತ್ರ.

ಅದನ್ನೂ ಅವತ್ತೇ ಕೊಡಲಿಲ್ಲ. ಬೇಗ ಆರಿದರೆ ಸಿಡಿಯುತ್ತದಂತೆ. ಐನೂರು ಡಿಗ್ರಿಯ ಆಸುಪಾಸಿನ ಪೆಟ್ಟಿಗೆಯಲ್ಲಿಟ್ಟು ರಾತ್ರಿಯೆಲ್ಲ ನಿಧಾನ ತಣಿಸಬೇಕು. ರಾಯರಂಥವರಿಗೂ ಅಂಥದ್ದೊಂದು ಪೆಟ್ಟಿಗೆ ಇದ್ದರೆ ಎಂದು ಈಗ ಅನ್ನಿಸುತ್ತದೆ.

ರಾಯರು ಹೋದಮೇಲೆ ಸಿಟ್ಟೋ ಏನೋ, ಊರಿಗೆ ಫೋನು ಮಾಡಿದೆ. ಅಜ್ಜಿಯ ಊದುಗೊಳವೆ ತರಿಸಿ ಲೋಟದ ಪಕ್ಕ ಇಡಬೇಕೆನಿಸಿತ್ತು. ಅಣ್ಣನ ಮಗ ಯೋಚಿಸಿ ಹೇಳಿದ: 'ಅದಾ ಚಿಕ್ಕಪ್ಪ? ನಾಯಿ ಸರಪಳಿ ಸಿಕ್ಕಿಸಕ್ಕೆ ಕೊಟ್ಟಿಗೆ ಗೋಡೆಗೆ ಹೊಡೆದಿದ್ದೀವಿ. ಕಿತ್ತರೆ ಗೋಡೆ ಬೀಳ್ತದೆ.'