ಸ್ನಾನ ಗಿಳಿಗೆ, ತೊಯ್ದದ್ದು ನಾನು

ನಮ್ಮ ಮನೆಯ ಟೀವಿಯನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಬೆಳ್ಳಗಾಗಿರುತ್ತದೆ. ಬೆರಳಲ್ಲಿ ಹೆಸರು ಬರೆಯಬಹುದು. ಮಗಳು ಬರೆದೂ ಬರೆದಿದ್ದಾಳೆ: ‘ಚಿಂಟು’. ಸರಿಯಾಗಿಯೇ ಬರೆದಿದ್ದಾಳೆ, ಆ ಪುಡಿ ಚಿಂಟುವಿನದೇ.

ಚಿಂಟು ಕಾಕಟೀಲ್. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು ಇರುವ ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿ. ಈ ಜಾತಿಯ ಹಕ್ಕಿಗಳ ಮೈಯಲ್ಲಿ ಒಂದು ಬಗೆಯ ಮೆತ್ತನೆಯ ಗರಿಗಳಿರುತ್ತವೆ. ಅವುಗಳ ತುದಿ ಉದುರಿ ಉದುರಿ ಪೌಡರ್ ಆಗುತ್ತದೆ. ಅದನ್ನು ಹಕ್ಕಿ ಮೈಗೆಲ್ಲ ಸವರಿಕೊಂಡು ಗರಿಗಳನ್ನು ಚೆನ್ನಾಗಿಟ್ಟುಕೊಳ್ಳುತ್ತದೆ. ಮಿಕ್ಕಿದ್ದು ಟೀವಿಗೆ, ಪುಸ್ತಕಕ್ಕೆ, ನನ್ನ ಮೂಗಿಗೆ.

‘ಅವನಿಗೊಂದು ಸ್ನಾನ ಮಾಡಿಸಬಾರದಾ?’ ಅಂದರು ಅಮ್ಮ.

ಹಕ್ಕಿ ಡಾಕ್ಟರೂ ಮಾಡಿಸಿ ಅಂದರು. ಆದರೆ ಸೋಪು, ಶಾಂಪೂ ಹತ್ತಿರಕ್ಕೂ ತರಬೇಡಿ, ಗರಿಯ ಮೇಲಿನ ಎಣ್ಣೆ ಹೋಗಿಬಿಡುತ್ತದೆ, ಬರೀ ನೀರು ಸಾಕು ಅಂದರು. ಸಂಜೆ ಬೇಡ, ಕತ್ತಲಾಗುವುದರೊಳಗೆ ಮೈ ಒಣಗಬೇಕು. ಹಿಡಿದು ಮುಳುಗಿಸುವುದಂತೂ ಬೇಡವೇ ಬೇಡ, ಅವನೇ ಇಳಿಯಬೇಕು. ಕೇಳುವಾಗ ಎಲ್ಲ ಸುಲಭವಾಗಿಯೇ ಇತ್ತು.

ಅಗಲವಾದ, ಆಳವಿಲ್ಲದ ಒಂದು ಬಟ್ಟಲು ತಂದೆವು. ಚಿಂಟುವಿನ ಕಾಲು ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ ಇಟ್ಟೆವು. ಅವನು ಜುಟ್ಟನ್ನು ತಲೆಗೆ ಅಂಟಿಸಿಕೊಂಡು ‘ಹಿಸ್ಸ್’ ಅಂದ. ಕಾಕಟೀಲ್ ಜುಟ್ಟು ಮಲಗಿಸಿ ಬುಸುಗುಟ್ಟಿತು ಅಂದರೆ ಮಾತುಕತೆ ಮುಗಿಯಿತು ಅಂತಲೇ ಅರ್ಥ. ಆಸೆ ತೋರಿಸೋಣ ಎಂದು ಬಟ್ಟಲ ನಡುವೆ ನವಣೆ ತೆನೆ ಇಟ್ಟೆ. ಅವನು ಅಂಚಿನಲ್ಲಿ ನಿಂತು, ಕತ್ತು ಉದ್ದ ಮಾಡಿ, ತೆನೆಯ ತುದಿಯನ್ನು ಕೊಕ್ಕಲ್ಲಿ ಕಚ್ಚಿ ಮೆಲ್ಲಗೆ ಈಚೆಗೆ ಎಳೆದುಕೊಂಡ. ಒಂದು ಕಾಲೂ ಒದ್ದೆಯಾಗಲಿಲ್ಲ. ತಿಂದು ಮುಗಿಸಿ, ತಿರುಗಿ ನಿಂತು, ನೀರಿಗೆ ಹಿಕ್ಕೆ ಹಾಕಿದ.

ಆಮೇಲೆ ಸ್ಪ್ರೇ ಬಾಟಲಿ. ಮುಖಕ್ಕೆ ಹೊಡೆಯಬಾರದು, ಮೇಲಕ್ಕೆ ಹೊಡೆದರೆ ಮಳೆಯ ತುಂತುರಿನ ಹಾಗೆ ಬೀಳುತ್ತದೆ ಎನ್ನುವುದು ಉಪದೇಶ. ಬಾಟಲಿಯ ಭಯ ಹೋಗಲಿ ಎಂದು ಕೆಲವು ದಿನ ಅದನ್ನು ಪಂಜರದ ಪಕ್ಕದಲ್ಲಿ ಸುಮ್ನೆ ಇಟ್ಟಿದ್ದೆವು. ಬಾಟಲಿಗೂ ಅವನಿಗೂ ಒಳ್ಳೆಯ ಸ್ನೇಹವೇ ಆಯಿತು, ಮುಚ್ಚಳ ಕಡಿದು ಹಾಕುವಷ್ಟು. ತುಂತುರು ಬಂತೋ, ಹಾರಿ ಪರದೆಯ ಕಂಬಿಯ ಮೇಲೆ ಕೂತ. ನಾನು ಕುರ್ಚಿ ಹತ್ತಿ ಕೈ ಎತ್ತಿ ಹೊಡೆದೆ. ಮೇಲೆ ಹೋದ ನೀರು ಕೆಳಗೆ ಬರಲೇಬೇಕಲ್ವಾ? ಕೆಳಗೆ ಇದ್ದವನು ನಾನೇ.

‘ಅಪ್ಪಾ, ಫ್ಯಾನ್ ತೊಳೀತಿದ್ದೀಯಾ?’ ಅಂತ ಮಗಳು ಕೇಳಿದಳು.

ಗಿಳಿಗಳು ಗುಂಪಿನಲ್ಲಿ ಬದುಕುವ ಜೀವಗಳು, ಜೊತೆಯವರು ಮಾಡಿದ್ದನ್ನು ನೋಡಿ ತಾವೂ ಮಾಡುತ್ತವೆ. ಚಿಂಟುವಿನ ಗುಂಪು ಅಂದರೆ ನಾವೇ. ಹಾಗಾಗಿ ನಾನು ನೆಲದ ಮೇಲೆ ಕೂತು, ಬಟ್ಟಲಲ್ಲಿ ಬೆರಳಾಡಿಸಿ, ತಲೆಗೆ ನೀರು ಚಿಮುಕಿಸಿಕೊಂಡು ‘ಆಹಾ! ಎಷ್ಟು ಚೆನ್ನಾಗಿದೆ!’ ಎನ್ನುವ ಕಾರ್ಯಕ್ರಮ ಶುರುವಾಯಿತು. ಮೊಣಕೈಯನ್ನು ರೆಕ್ಕೆ ಮಾಡಿಕೊಂಡು ಬಡಿದೂ ತೋರಿಸಿದೆ. ಚಿಂಟು ಒಂದೇ ಕಣ್ಣಲ್ಲಿ ನೋಡಿದ. ತೆರೆದ ಬಾಗಿಲಲ್ಲಿ ಪಾರ್ಸೆಲ್ ಹಿಡಿದು ನಿಂತಿದ್ದ ಹುಡುಗ ಎರಡೂ ಕಣ್ಣಲ್ಲಿ ನೋಡಿದ. ಸಹಿಯನ್ನೂ ಕೇಳದೆ ಹೊರಟುಹೋದ.

ನಾವು ಸ್ನಾನದ ಆಸೆ ಬಿಟ್ಟು ಧೂಳನ್ನೇ ಹಿಡಿಯೋಣ ಎಂದು ವ್ಯಾಕ್ಯೂಮ್ ಕ್ಲೀನರ್ ಹಾಕಿದ ದಿನ ಕೆಲಸವಾಯಿತು. ಅದರ ‘ಭರ್ರ್’ ಸದ್ದು ಕೇಳಿದ್ದೇ ತಡ, ಚಿಂಟು ಕುಡಿಯುವ ನೀರಿನ ಪುಟ್ಟ ಬಟ್ಟಲಿಗೆ ತಲೆ ತುರುಕಿದ. ಎದೆ ಅದ್ದಿದ, ರೆಕ್ಕೆ ಅರ್ಧ ಬಿಚ್ಚಿದ, ಬಾಲ ಹರಡಿದ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಪಟಪಟ ಬಡಿದ. ಇಡೀ ಮೈ ಹಿಡಿಯದ ಬಟ್ಟಲು, ಹಾಗಾಗಿ ಕಂತು ಕಂತಾಗಿ ಸ್ನಾನ. ಸುರಿಯುವ ನೀರು, ಓಡುವ ಮೆಷಿನ್ ಇಂಥ ಸದ್ದು ಕೇಳಿದರೆ ಎಷ್ಟೋ ಗಿಳಿಗಳಿಗೆ ಸ್ನಾನದ ಹುಕಿ ಬರುತ್ತದಂತೆ. ಅಮ್ಮ ಕ್ಲೀನರ್ ಆಫ್ ಮಾಡಿದರು, ಸ್ನಾನ ನಿಂತಿತು. ಆನ್ ಮಾಡಿದರು, ಮುಂದುವರಿಯಿತು.

ನೆನೆದು, ಗರಿ ಮೈಗಂಟಿ, ಅರ್ಧ ಗಾತ್ರಕ್ಕಿಳಿದು ನಡುಗುತ್ತಾ ನಿಂತವನನ್ನು ನೋಡಿ ಮಗಳು ಹೇರ್ ಡ್ರೈಯರ್ ತರಲು ಓಡಿದಳು. ಅದೊಂದನ್ನು ನಾನು ತಡೆದೆ. ಕೆಲವು ಡ್ರೈಯರ್‌ಗಳ ಒಳಗೆ ನಾನ್‌ಸ್ಟಿಕ್ ಲೇಪ ಇರುತ್ತದೆ. ಅದು ಜಾಸ್ತಿ ಕಾದರೆ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತಾಗದಿರಬಹುದು, ಹಕ್ಕಿಯ ಪ್ರಾಣ ತೆಗೆಯಬಲ್ಲದು. ನಾನ್‌ಸ್ಟಿಕ್ ಬಾಣಲೆಯೂ ಹಾಗೆಯೇ. ನಡುಗುವುದು ಮೈ ಬಿಸಿ ಮಾಡಿಕೊಳ್ಳುವ ಉಪಾಯ. ಗಾಳಿ ಬೀಸದ ಬೆಚ್ಚಗಿನ ಕೋಣೆ ಸಿಕ್ಕರೆ ಸಾಕು, ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ. ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಒಂದೊಂದೇ ಗರಿಗೆ ಹಚ್ಚುತ್ತಾ ಕೂರುತ್ತಾನೆ. ಅದಕ್ಕೂ ಮೊದಲು ನನ್ನ ಹೆಗಲ ಮೇಲೆ ಬಂದು ಮೈ ಕೊಡವುತ್ತಾನೆ ಎನ್ನುವುದು ಬೇರೆ ಮಾತು.

ಈಗ ಚಿಂಟುವಿನ ಷರತ್ತುಗಳು ಮನೆಯವರಿಗೆಲ್ಲ ಬಾಯಿಪಾಠ. ನೀರು ಆಗತಾನೇ ತುಂಬಿದ್ದಾಗಿರಬೇಕು, ಕುಡಿಯುವ ಬಟ್ಟಲಲ್ಲೇ ಇರಬೇಕು, ಕ್ಲೀನರ್ ಓಡುತ್ತಿರಬೇಕು. ಅಗಲದ ಬಟ್ಟಲಲ್ಲಿ ನಾನು ಬೀಗದ ಕೈ ಇಡುತ್ತೇನೆ. ಮೊನ್ನೆ ಅವನು ಬಟ್ಟಲ ಅಂಚಿಗೆ ಬಂದು ರೆಡಿಯಾಗಿ ನಿಂತಾಗ ಕರೆಂಟ್ ಹೋಯಿತು. ಪಾಪ ಅನ್ನಿಸಿ ಅಮ್ಮ ಪಂಜರದ ಮುಂದೆ ನಿಂತು ಬಾಯಲ್ಲೇ ‘ಭರ್ರ್’ ಅಂದರು. ಚಿಂಟು ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡ. ನೀರಿಗೆ ಇಳಿಯಲಿಲ್ಲ. ಈಗ ‘ಭರ್ರ್’ ಅನ್ನೋದನ್ನು ಕಲಿಯುತ್ತಿದ್ದಾನೆ, ಅದೂ ನಾವೆಲ್ಲ ಮಲಗಿರುವಾಗ.