ಹೆದರಿಕೆ ಮದ್ದಿಗೆ ಕತ್ತಿ ಅದ್ದಿ ನೋಡಿದ್ರಾ?

ನನ್ನ ಹೆದರಿಕೆ ಹಾವಿನದ್ದಲ್ಲ, ಉಂಬಳದ್ದೂ ಅಲ್ಲ. ಮೈಕಿನದ್ದು. ರೈತರ ಸೊಸೈಟಿಯ ವಾರ್ಷಿಕ ಸಭೆಯಲ್ಲಿ 'ಪ್ರಶ್ನೆ ಇದ್ದವರು ಕೇಳಬಹುದು' ಅಂದ ಕೂಡಲೇ ನಾನು ಬಗ್ಗಿ ಚಪ್ಪಲಿ ಹುಡುಕಲು ಶುರು ಮಾಡುತ್ತೇನೆ. ಹನ್ನೆರಡು ವರ್ಷದಿಂದ ಹುಡುಕುತ್ತಿದ್ದೇನೆ. ಚಪ್ಪಲಿ ಕಾಲಲ್ಲೇ ಇರುತ್ತದೆ.

ಹಾಗಾಗಿ ಶಿರಸಿ ಪೇಟೆಯಲ್ಲಿ 'ಎರಡೇ ದಿನದಲ್ಲಿ ಭಯದಿಂದ ಬಿಡುಗಡೆ' ಎಂಬ ಬ್ಯಾನರ್ ಕಂಡದ್ದೇ ಸ್ಕೂಟರ್ ನಿಲ್ಲಿಸಿದೆ. ಫೀಸು 4,999. ಐದು ಸಾವಿರ ಅಂದರೆ ಜನ ಹೆದರುತ್ತಾರೆ ಅಂತ ಒಂದು ರೂಪಾಯಿ ಕಡಿಮೆ. ಭಯ ತೆಗೆಯುವ ಕೆಲಸ ಅಲ್ಲಿಂದಲೇ ಶುರು, ನೋಡಿ.

ಗುರುಗಳು ಮೇ ತಿಂಗಳ ಸೆಖೆಯಲ್ಲಿ ಕೋಟು ಹಾಕಿಕೊಂಡು ಬಂದರು. ಧೈರ್ಯವಂತರೇ, ಅನುಮಾನವಿಲ್ಲ. 21 ದಿನ ಕನ್ನಡಿ ಮುಂದೆ ನಿಂತು 'ನಾನು ನಿರ್ಭಯ' ಅನ್ನಬೇಕಂತೆ. 21 ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಇದ್ದವರು ಅಲ್ಲಿಗೆ ಯಾಕೆ ಬರುತ್ತಾರೆ? ಮನೆಗೆ ಬಂದು ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನವಾದರೂ ಬೇಕು ಅಂತ 1960ರಲ್ಲಿ ಬರೆದಿದ್ದ. ಆಮೇಲೆ ಲಂಡನ್ನಿನಲ್ಲಿ ಫಿಲಿಪಾ ಲಾಲಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 96 ಜನರ ಮೇಲೆ ಅಳೆದು ನೋಡಿದರು. ಒಂದು ಅಭ್ಯಾಸ ಅಂಟಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ಆದರೆ 254 ದಿನದ ಬ್ಯಾನರ್ ಹಾಕಿದರೆ ಸ್ಕೂಟರ್ ನಿಲ್ಲುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ, ಮಾವಿನಕಾಯಿಯ ತಿಳಿಸಾರು. ನಮ್ಮ ಕಡೆಯವರಿಗೆ ಗೊತ್ತು, ಎರಡು ಲೋಟ ಕುಡಿದರೆ ಯಾವ ಹುಲಿಯೂ ಮಲಗುತ್ತದೆ. ಊಟ ಮುಗಿದದ್ದೇ 'ಆಳವಾದ ವಿಶ್ರಾಂತಿ' ಅಂತ ಜಮಖಾನ ಹಾಸಿದರು. ಹತ್ತು ನಿಮಿಷದಲ್ಲಿ ನಲವತ್ತು ಜನರ ಗೊರಕೆ. ಗುರುಗಳು ಮೈಕಿನಲ್ಲಿ ಹೇಳಿದರು, "ನೋಡಿ, ನನ್ನ ಧ್ವನಿಯ ಶಕ್ತಿ!" ಅಡುಗೆಯವರು ಪಾಪ, ಒಳಗೆ ಪಾತ್ರೆ ತೊಳೆಯುತ್ತಿದ್ದರು.

ಸಂಜೆಯದ್ದು ಅಸಲಿ ಐಟಂ, ಕೆಂಡದ ಮೇಲೆ ನಡಿಗೆ. ಮೊದಲು ಒಂದೂವರೆ ತಾಸು ಕೂಗಾಟ, ಚಪ್ಪಾಳೆ. ಆಮೇಲೆ ಸಾಲಾಗಿ ಬಿಟ್ಟರು. ನಾನೂ ನಾಲ್ಕೇ ಹೆಜ್ಜೆಯಲ್ಲಿ ದಾಟಿದೆ. ಕಣ್ಣಲ್ಲಿ ನೀರು ಬಂತು. ಸರ್ಟಿಫಿಕೇಟೂ ಬಂತು. ಎಲ್ಲ ಮುಗಿದ ಮೇಲೆ, ಅಡುಗೆಯವರ ಜೊತೆ ಬಂದಿದ್ದ ಹುಡುಗ ಲುಂಗಿ ಎತ್ತಿ ಕಟ್ಟಿ ಸುಮ್ನೆ ಒಂದು ಸಲ ದಾಟಿದ. ಕೂಗಾಟ ಇಲ್ಲ, ಫೀಸೂ ಇಲ್ಲ. ಆಚೆ ನಿಂತು ನಕ್ಕ. ಗುರುಗಳು ಅವನನ್ನು ಬೈದು ಕಳಿಸಿದರು.

ಆ ಹುಡುಗ ಮಾಡಿದ್ದು ದೊಡ್ಡ ಪ್ರಯೋಗ ಅಂತ ನನಗೆ ಆಮೇಲೆ ಗೊತ್ತಾಯಿತು. 1985ರಲ್ಲಿ ಬರ್ನಾರ್ಡ್ ಲೈಕಿಂಡ್ ಎಂಬ ಅಮೆರಿಕದ ಭೌತವಿಜ್ಞಾನಿ ಇದನ್ನೇ ಬರೆದಿದ್ದ. ಅವನ ಜೊತೆಗಾರ ಶಿಬಿರದ ಭಾಷಣ ಪೂರ್ತಿ ಕೇಳಿ ಕೆಂಡ ದಾಟಿದ, ಇವನು ಕೇಳದೆಯೇ ದಾಟಿದ. ಕೆಂಡ ಬಿಸಿ ಹೌದು, ಆದರೆ ಒಳಗಿನ ಬಿಸಿಯನ್ನು ಕಾಲಿಗೆ ದಾಟಿಸುವುದು ನಿಧಾನ. ಹೆಜ್ಜೆ ಬೇಗ ಎತ್ತಿದರಾಯಿತು. ತಡ ಮಾಡಿದರೆ ಸುಡುತ್ತದೆ, ಅದಕ್ಕೆ ಸರ್ಟಿಫಿಕೇಟ್ ಇಲ್ಲ. ನನ್ನ ಅಜ್ಜಿ ಒಲೆಯಿಂದ ಉರುಳಿದ ಕೆಂಡವನ್ನು ಬೆರಳಲ್ಲೇ ಎತ್ತಿ ಒಳಗೆ ಎಸೆಯುತ್ತಿದ್ದಳು. ಗುರುಗಳು ಅಷ್ಟೇ ಬಿಸಿಯ ತೆಳ್ಳೇವಿನ (ತೆಳು ದೋಸೆಯ) ಕಬ್ಬಿಣದ ಕಾವಲಿ ಮೇಲೆ ನಡೆದು ತೋರಿಸಲಿ, ನಾನು ಇನ್ನೊಂದು 4,999 ಕೊಡುತ್ತೇನೆ.

ಹೊರಡುವಾಗ ಅಭಿಪ್ರಾಯದ ಫಾರ್ಮ್ ಕೊಟ್ಟರು. ಎಲ್ಲರೂ ಐದಕ್ಕೆ ಐದು. ದುಡ್ಡು ಕೊಟ್ಟಾಗಿದೆ, ಹೊಟ್ಟೆ ತುಂಬಿದೆ, ಕಾಲು ಸುಟ್ಟಿಲ್ಲ. ಇನ್ನೇನು ಬೇಕು?

ಪಕ್ಕದ ಊರಿನ ಭಾವ ಅಡಿಕೆ ತೋಟದಲ್ಲಿ ಕೊಳೆ ರೋಗದ ಮದ್ದು ಮಾಡುತ್ತಿದ್ದ. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ಎತ್ತಿದ. ಅದರ ಮೇಲೆ ತಾಮ್ರದ ಕೆಂಪು ಕೂತಿತ್ತು. "ಸುಣ್ಣ ಸಾಲಲ್ಲೆ" ಅಂತ ಮತ್ತಷ್ಟು ಹಾಕಿದ. ಕಳೆದ ವರ್ಷ ಯಾರೋ ಏಜೆಂಟ್ ಹೊಸ ಟಾನಿಕ್ ತಂದಾಗಲೂ ಒಂದು ಸಾಲಿಗೆ ಹೊಡೆದು, ಪಕ್ಕದ ಸಾಲನ್ನು ಹಾಗೇ ಬಿಟ್ಟಿದ್ದ. ಎರಡೂ ಸಾಲಿನ ಅಡಿಕೆ ಕೊನೆ ತೂಗಿ ನೋಡಿ ಏಜೆಂಟನಿಗೆ ಚಾ ಮಾತ್ರ ಕೊಟ್ಟು ಕಳಿಸಿದ.

"ಹೆದ್ರಿಕೆ ಹೋತನೋ ಭಾವ?" ಅಂತ ಕೇಳಿದ. ಸರ್ಟಿಫಿಕೇಟ್ ತೋರಿಸಿದೆ. "ಅದು ಹೌದು. ಕತ್ತಿ ಅದ್ದಿ ನೋಡಿದ್ಯನೋ?"

ಕತ್ತಿ ಅದ್ದಿದ್ದು ಸೆಪ್ಟೆಂಬರಿನ ಸಭೆಯಲ್ಲಿ. 'ಪ್ರಶ್ನೆ ಇದ್ದವರು' ಅಂದರು. ಕೆಂಡ ಹಾಯ್ದ ಅದೇ ಕಾಲು ಬೆಂಚಿನ ಕೆಳಗೆ ಗಡಗಡ. ನಾನು ಚಪ್ಪಲಿ ಹುಡುಕಿದೆ.

ಹೆದರಿಕೆಗೆ ಮದ್ದೇ ಇಲ್ಲ ಅಂತಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ, ಮೊಲ ಕಂಡರೆ ಕಿರುಚುವ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದಿನಕ್ಕಿಷ್ಟು ಹತ್ತಿರ ತರುತ್ತಿದ್ದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಕೂಗಾಟ ಇಲ್ಲ, ಕೋಟಿಲ್ಲ. ಇದಕ್ಕೆ ಬ್ಯಾನರ್ ಮಾಡುವುದೂ ಕಷ್ಟ.

ನಾನೂ ಮೊಲವನ್ನು ಹತ್ತಿರ ತಂದೆ. ತಿಂಡಿಯ ಬದಲು ಬಾಯಲ್ಲಿ ಎಲೆ-ಅಡಿಕೆ ಕವಳ ಇಟ್ಟು ನೋಡಿದೆ, ಮಾತೇ ಹೊರಡಲಿಲ್ಲ, ಬಿಟ್ಟೆ. ಮೊದಲು ಹಾಲಿನ ಡೈರಿಯಲ್ಲಿ ನಾಲ್ಕು ಜನರ ಎದುರು ಫ್ಯಾಟಿನ ಲೆಕ್ಕ ಕೇಳಿದೆ. ಆಮೇಲೆ ತಾಳಮದ್ದಲೆಯಲ್ಲಿ ರಾತ್ರಿ ಎರಡಕ್ಕೆ ವಂದನಾರ್ಪಣೆ. ಸಭೆಯಲ್ಲಿ ಮುಕ್ಕಾಲು ಪಾಲು ನಿದ್ದೆಯಲ್ಲಿತ್ತು. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಸಭೆ ಸಿಗದು. ಹೀಗೇ ಒಂದು ವರ್ಷ. ಇದರಿಂದಲೇ ಸರಿಯಾಯಿತಾ, ಅಥವಾ ವಯಸ್ಸಾಗಿ ನಾಚಿಕೆ ಬಿಟ್ಟಿತಾ? ಪಕ್ಕದ ಸಾಲಿನಲ್ಲಿ ಮದ್ದು ಹೊಡೆಯದ ಇನ್ನೊಬ್ಬ ನಾನು ಇಲ್ಲವಲ್ಲ!

ಅಂತೂ ಈ ಸಲದ ಸಭೆಯಲ್ಲಿ ಎದ್ದು ನಿಂತು, ಮೈಕ್ ಹಿಡಿದು ಕೇಳಿಯೇ ಬಿಟ್ಟೆ. "ಮೈಲುತುತ್ತು ಪ್ರತಿ ವರ್ಷ ಕೊಳೆ ಬಂದ ಮೇಲೇ ಯಾಕೆ ಬರುತ್ತದೆ?" ಉತ್ತರ ಬರಲಿಲ್ಲ. ಚಪ್ಪಾಳೆ ಬಂತು. ಯಾರೋ ಫೋಟೋ ಹೊಡೆದರು.

ವಾರ ಬಿಟ್ಟು ಪೇಟೆಗೆ ಹೋದರೆ ಹೊಸ ಬ್ಯಾನರ್. ಮೈಕ್ ಹಿಡಿದ ನಾನು, ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ಶಿಬಿರದ ಸಾಧಕರು'. ಫೀಸು 5,999 ಆಗಿತ್ತು. ಫೋಟೋದಲ್ಲಿ ನನ್ನ ಪಕ್ಕ ಕೂತಿದ್ದ ಭಾವನೂ ಬಂದಿದ್ದ, ಅವನ ತಲೆಯ ಸುತ್ತಲೂ ಒಂದು ಹಳದಿ ಗೆರೆ.

ಭಾವ ಸ್ಕೂಟರಿನಿಂದ ಇಳಿದು ಬಹಳ ಹೊತ್ತು ನೋಡಿದ.

"ಫೀಸೇ ಕೊಟ್ಟಿದ್ನಿಲ್ಲೆ, ಯಂಗೂ ಗುಣ ಆತಲ ಮಾರಾಯಾ!"